ಗುಮ್ಮಟಕ್ಕೆ ಬರುವವರು ಗಿರಾಕಿಗಳೋ, ಅತಿಥಿಗಳೋ?

ಮಳೆಗಾಲದ ಭಾನುವಾರ ಗೋಕಾಕ ಫಾಲ್ಸ್‌ನಲ್ಲಿ ಕಾಲಿಡಲು ಜಾಗವಿರುವುದಿಲ್ಲ. 52 ಮೀಟರ್ ಎತ್ತರದಿಂದ ಧುಮುಕುವ ಘಟಪ್ರಭೆಯನ್ನು ಕಣ್ತುಂಬಿಕೊಂಡು, ಕರದಂಟು ಕಟ್ಟಿಸಿಕೊಂಡು ಜನ ಊರ ದಾರಿ ಹಿಡಿಯುತ್ತಾರೆ. ಸಮೀಪದ ಹುಕ್ಕೇರಿಯಲ್ಲಿರುವ ಆದಿಲಶಾಹಿ ಕಾಲದ ಗುಮ್ಮಟಗಳತ್ತ ಗಾಡಿ ತಿರುಗಿಸುವವರು ಕಡಿಮೆ. ರಸ್ತೆ, ನಾಮಫಲಕಗಳನ್ನಷ್ಟೇ ದೂರಿ ಪ್ರಯೋಜನವಿಲ್ಲ. ಪಾರಂಪರಿಕ ಪ್ರವಾಸೋದ್ಯಮವೆಂದರೆ ಕಲ್ಲು, ಗಾರೆಗಳ ಲೆಕ್ಕ ಎಂದೇ ನಾವು ತಿಳಿದಿದ್ದೇವೆ. ಅಲ್ಲಿ ಫಾತಿಹಾ ಓದುವ ಮುಸ್ಲಿಮರು ಒಪ್ಪಿ ಮುಂದೆ ಬರದಿದ್ದರೆ ಅಂಥ ಪ್ರವಾಸ ಬೇರು ಬಿಡದು. ಅವರು ಒಪ್ಪುವುದು ಆದಾಯಕ್ಕಿಂತ ಹೆಚ್ಚಾಗಿ ಮರ್ಯಾದೆಯನ್ನು ನೋಡಿ.

ವಿಜಯಪುರದಲ್ಲೇ ಇದಕ್ಕೆ ಪುರಾವೆ ಇದೆ. ಗೋಳಗುಮ್ಮಟ 1656ರಲ್ಲಿ ತೀರಿಕೊಂಡ ಮಹಮ್ಮದ್ ಆದಿಲ್ ಶಾಹನ ಗೋರಿ. ಮೇಲಿನ ಪಿಸುಗುಟ್ಟುವ ಗ್ಯಾಲರಿಯಲ್ಲಿ ಕೂಗು, ಸಿಳ್ಳೆ ಹಾಕುವವರಿಗೆ ಕೆಳಗೆ ಗೋರಿಯಿದೆ ಎಂಬುದೇ ನೆನಪಿರುವುದಿಲ್ಲ. ಅದೇ ಊರಿನ ಜೋಡಗುಮ್ಮಟಕ್ಕೆ ಬಂದವರು ಚಪ್ಪಲಿ ಬಿಟ್ಟು, ತಲೆಗೆ ಬಟ್ಟೆ ಹೊದ್ದು ಒಳಹೋಗುತ್ತಾರೆ. ಅಲ್ಲಿ ಅಬ್ದುಲ್ ರಜಾಕ್ ಖಾದ್ರಿಯವರ ದರ್ಗಾಕ್ಕೆ ಇಂದಿಗೂ ಜನ ನಡೆದುಕೊಳ್ಳುತ್ತಾರೆ. ಎರಡೂ ಆದಿಲಶಾಹಿ ಕಟ್ಟಡಗಳೇ. ಒಂದು ನೋಟದ ವಸ್ತುವಾಯಿತು, ಇನ್ನೊಂದರಲ್ಲಿ ನಂಬಿಕೆಯೇ ಕಾವಲುಗಾರನಾಯಿತು.

ಗೋರಿಗೆ ಅತಿಯಾದ ಗೌರವ ಸಲ್ಲದೆನ್ನುವ ಮುಸ್ಲಿಮರೂ ಇದ್ದಾರೆ, ಅವರು ಬೆಂಬಲಿಸುತ್ತಾರೆಯೇ ಎಂದು ಕೇಳಬಹುದು. ಅವರ ಆಕ್ಷೇಪ ಗೋರಿಪೂಜೆಗೆ, ಇತಿಹಾಸಕ್ಕಲ್ಲ. ಭೂಮಿಯಲ್ಲಿ ಸಂಚರಿಸಿ ನೋಡಿರೆಂದು ಕುರಾನೇ ಹೇಳುತ್ತದೆ. ಗುಮ್ಮಟವನ್ನು ವಾಸ್ತುಶಿಲ್ಪವಾಗಿ ತೋರಿಸಲು ಅವರಿಗೂ ಅಡ್ಡಿಯಿರಬೇಕಿಲ್ಲ.

ಇನ್ನೊಂದು ಆತಂಕ ಹೆಚ್ಚು ಗಂಭೀರವಾದದ್ದು: ಸಮುದಾಯದ ಗುರುತನ್ನು ಮುಂದೆ ಮಾಡಿದರೆ ಸ್ಮಾರಕ ಒಂದೇ ಧರ್ಮದವರ ಪಾಲಾಗದೇ? ಉತ್ತರ ಕರ್ನಾಟಕದ ಅನುಭವ ಬೇರೆಯೇ ಇದೆ. ಮುಸ್ಲಿಂ ಮನೆಗಳೇ ಇಲ್ಲದ ಹಳ್ಳಿಗಳಲ್ಲೂ ಮೊಹರಂಗೆ ಪಂಜಾ ಕೂರಿಸುತ್ತಾರೆ, ಕನ್ನಡದಲ್ಲೇ ರಿವಾಯತ ಪದ ಹಾಡುತ್ತಾರೆ. ಕಲಬುರಗಿಯ ಬಂದೇನವಾಜರ ಉರುಸಿಗೆ ಎಲ್ಲ ಜಾತಿಯವರೂ ಬರುತ್ತಾರೆ. ಇಮ್ಮಡಿ ಇಬ್ರಾಹಿಂ ಆದಿಲ್ ಶಾಹನಂತೂ ತನ್ನ 'ಕಿತಾಬ್-ಎ-ನವರಸ್'ನಲ್ಲಿ ಸರಸ್ವತಿಯನ್ನು ಸ್ತುತಿಸಿದ ದೊರೆ. ಈ ಮುಸ್ಲಿಂ ಗುರುತು ಇದೇ ನೆಲದಲ್ಲಿ ಬೆಳೆದದ್ದು, ಅದನ್ನು ಅಳಿಸಿ 'ಪುರಾತನ ಕಟ್ಟಡ' ಎಂದಷ್ಟೇ ಬರೆದರೆ ಪ್ರವಾಸಿಗೆ ಕೇಳಲು ಕತೆಯೇ ಉಳಿಯುವುದಿಲ್ಲ.

ಹುಕ್ಕೇರಿಯಲ್ಲಿ ಆಗಬೇಕಾದ್ದು ಭಾರಿ ಖರ್ಚಿನದಲ್ಲ. ಸ್ಥಳೀಯ ಯುವಕ, ಯುವತಿಯರಿಗೆ ಮಾರ್ಗದರ್ಶಿ ತರಬೇತಿ ಕೊಡಬೇಕು, ಒಳಗೆ ನಡೆದುಕೊಳ್ಳುವ ರೀತಿಯನ್ನು ಅಲ್ಲಿನವರ ಜೊತೆ ಕೂತು ಗೊತ್ತುಮಾಡಬೇಕು. ಕಠಿಣವಾದ ಪ್ರಶ್ನೆ ಒಂದಿದೆ. ಕೆಲವು ದರ್ಗಾಗಳ ಒಳಗುಡಿಗೆ ಹೆಂಗಸರನ್ನು ಬಿಡುವುದಿಲ್ಲ. ಮುಂಬೈನ ಹಾಜಿ ಅಲಿ ದರ್ಗಾದಲ್ಲಿದ್ದ ಅಂಥ ನಿಷೇಧವನ್ನು ಬಾಂಬೆ ಹೈಕೋರ್ಟು 2016ರ ತೀರ್ಪಿನಲ್ಲಿ ರದ್ದುಮಾಡಿತು. ಪ್ರವಾಸಿ ನಕ್ಷೆಗೆ ಹೊಸ ದರ್ಗಾಗಳನ್ನು ಸೇರಿಸುವವರು ಕೋರ್ಟಿಗೆ ಕಾಯದೆ ಅದನ್ನು ಮೊದಲೇ ಮಾತಾಡಿಕೊಳ್ಳುವುದು ಒಳ್ಳೆಯದು.