ಹಳೆಯ ಕಡತವೂ ಕಥೆಗಾರನೂ

ನಮ್ಮ ಹಾನಗಲ್ಲಿನ ಕಡೆ ಯಾರಾದರೂ ತುಸು ಅಡ್ಡಾದಿಡ್ಡಿ ಮಾತನಾಡಿದರೆ, 'ಇವನನ್ನು ಧಾರವಾಡಕ್ಕೆ ಕಳಿಸಬೇಕು' ಎಂದು ನಗುವ ರೂಢಿಯಿತ್ತು. ನೀವೂ ಕೇಳಿರಬಹುದು. ಇಲ್ಲಿ ಧಾರವಾಡವೆಂದರೆ ಕಾಲೇಜಲ್ಲ, ಪೇಡೆಯೂ ಅಲ್ಲ. 1845ರಲ್ಲಿ ಆರಂಭವಾದ ಮಾನಸಿಕ ಆಸ್ಪತ್ರೆ. ಅಲ್ಲಿಗೆ ಹೋಗಿ ಬಂದಿದ್ದ ನಮ್ಮ ಓಣಿಯ ಹೆಣ್ಣುಮಗಳೊಬ್ಬಳ ಎದುರಿಗೆ ಮಾತ್ರ ಆ ಮಾತನ್ನು ಯಾರೂ ಆಡುತ್ತಿರಲಿಲ್ಲ.

ಬಹಳ ವರ್ಷಗಳ ಮೇಲೆ ಅವಳ ಕಥೆ ಬರೆಯಲು ಹೊರಟೆ. ಅವಳಿಗಿಂತ ಹಿಂದೆ ಆ ದಾರಿ ತುಳಿದವರನ್ನು ಅರಿಯಲೆಂದು ಮುಂಬಯಿ ಸರಕಾರದ ಹುಚ್ಚಾಸ್ಪತ್ರೆಗಳ ಹಳೆಯ ವಾರ್ಷಿಕ ವರದಿಗಳನ್ನು ತೆರೆದೆ. ಗಂಡಸರೆಷ್ಟು, ಹೆಂಗಸರೆಷ್ಟು, ಗುಣವಾದವರೆಷ್ಟು, ಸತ್ತವರೆಷ್ಟು ಎಂಬ ಕೋಷ್ಟಕಗಳು ಅಲ್ಲಿವೆ. ಆ ಕಾಲದ ಕಾಗದಗಳಲ್ಲಿ ನಮ್ಮ ಊರುಗಳನ್ನು ಹುಡುಕುವುದೂ ಸುಲಭವಲ್ಲ. ಹಿರೇಕೆರೂರು ಕೋಡ ತಾಲೂಕಿನೊಳಗೆ, ಶಿಗ್ಗಾಂವಿ ಬಂಕಾಪುರ ತಾಲೂಕಿನೊಳಗೆ ಅಡಗಿವೆ. ಸವಣೂರಂತೂ 1948ರವರೆಗೆ ನವಾಬರ ಸಂಸ್ಥಾನ.

ನನ್ನನ್ನು ತಡೆದು ನಿಲ್ಲಿಸಿದ್ದು ರೋಗದ 'ಕಾರಣ'ಗಳ ಪಟ್ಟಿ. ದುಃಖ, ಜ್ವರ, ಗಾಂಜಾ. ಕಥೆಗಾರನಿಗೆ ಇನ್ನೇನು ಬೇಕು? 'ದುಃಖ'ವೆಂಬ ಒಂದು ಶಬ್ದ ಸಿಕ್ಕರೆ ಸತ್ತ ಮಗು, ಬಿಟ್ಟುಹೋದ ಗಂಡ ಎಲ್ಲವೂ ತಾವಾಗಿಯೇ ಹುಟ್ಟಿಕೊಳ್ಳುತ್ತವೆ. ನನಗೂ ಹುಟ್ಟಿಕೊಂಡವು.

ಆದರೆ ಗಾಂಜಾ-ಭಂಗಿಗಳ ವಿಚಾರಣೆಗೆಂದು ನೇಮಕವಾದ ಆಯೋಗವು 1893-94ರಲ್ಲಿ ದೇಶದ ಇಂಥ ಆಸ್ಪತ್ರೆಗಳ ದಾಖಲೆಗಳನ್ನು ಮರುಪರೀಕ್ಷೆ ಮಾಡಿದಾಗ, ಗಾಂಜಾ ಎಂದು ಬರೆದಿದ್ದ ಎಷ್ಟೋ ಕಡೆ ಆಧಾರವೇ ಇರಲಿಲ್ಲವೆಂದು ತಿಳಿದುಬಂತು. ರೋಗಿಯೊಡನೆ ಪೊಲೀಸರು ಕಳಿಸಿದ ವಿವರವೇ ದಾಖಲೆಗೆ ಇಳಿದಿತ್ತು. ಎಂದರೆ, ನನಗಿಂತ ಮೊದಲೇ ಒಬ್ಬ ಫೌಜುದಾರ ಕಥೆ ಕಟ್ಟಿದ್ದ! ನಾನು ಅದರ ಮೇಲೆ ಮಾಳಿಗೆ ಏರಿಸುತ್ತಿದ್ದೆ.

ಜರ್ಮನಿಯ ಆಸ್ಪತ್ರೆಯೊಂದರಲ್ಲಿದ್ದ ಆಗ್ನೆಸ್ ರಿಕ್ಟರ್ ಎಂಬ ಹೊಲಿಗೆಯವಳು 1895ರ ಸುಮಾರಿಗೆ ಆಸ್ಪತ್ರೆಯ ಬಟ್ಟೆಯಿಂದಲೇ ಜಾಕೀಟು ಹೊಲಿದು, ಅದರ ತುಂಬ ಅಕ್ಷರಗಳ ಕಸೂತಿ ಹಾಕಿದಳು. ಹೈಡಲ್‌ಬರ್ಗಿನ ಪ್ರಿನ್ಸ್‌ಹಾರ್ನ್ ಸಂಗ್ರಹದಲ್ಲಿ ಅದು ಉಳಿದಿದೆ. 'ನಾನು', 'ನನ್ನ' ಎಂಬಂಥ ಪದಗಳು ತಿಳಿಯುತ್ತವೆ. ಬಹುಭಾಗ ಓದಲು ಬರುವುದಿಲ್ಲ. ಅವಳ ಕಡತವನ್ನು ಬೇರೆಯವರು ಬರೆದರು, ಜಾಕೀಟು ಅವಳದೇ.

ನಮ್ಮ ಓಣಿಯವಳು ಕೌದಿ ಹೊಲಿಯುತ್ತಿದ್ದಳು. ಹಳೆಯ ಸೀರೆಯ ತುಂಡುಗಳನ್ನು ಅಷ್ಟು ಒತ್ತಾಗಿ ಹೊಲಿಯುವವರು ಆ ಭಾಗದಲ್ಲಿ ಮತ್ತೊಬ್ಬರಿರಲಿಲ್ಲ. ಈ ಸಂಗತಿ ನನ್ನ ಮೊದಲ ಕರಡಿನಲ್ಲಿ ಬಂದೇ ಇರಲಿಲ್ಲ!

ಸತ್ತ ಮಗುವನ್ನೂ ಓಡಿಹೋದ ಗಂಡನನ್ನೂ ಹೊಡೆದುಹಾಕಿದೆ. ಈಗ ಕಥೆಯಲ್ಲಿ ಉಳಿದಿರುವುದು, ಧಾರವಾಡದಿಂದ ಬಂದ ಮರುದಿನವೇ ಕಟ್ಟೆಯ ಮೇಲೆ ಕುಳಿತು ಸೂಜಿಗೆ ದಾರ ಪೋಣಿಸುವ ಹೆಂಗಸು. ಏಕೆ ಹೋಗಿದ್ದಳೆಂದು ಅದರಲ್ಲಿ ಯಾರೂ ಕೇಳುವುದಿಲ್ಲ.