‘ಪಾಸಿಟಿವ್’ ಪದದ ನಾನಾರ್ಥಗಳು

ಆಂಗ್ಲಭಾಷೆಯ ‘ಪಾಸಿಟಿವ್’ ಎಂಬ ಪದವು ಸಂದರ್ಭಕ್ಕೊಂದು ಅರ್ಥವನ್ನು ತಳೆಯುತ್ತದೆ. ಗಣಿತದಲ್ಲಿ ಅದು ಸೊನ್ನೆಗಿಂತ ಹೆಚ್ಚಿನ ಸಂಖ್ಯೆ, ವಿದ್ಯುತ್ತಿನಲ್ಲಿ ಧನಧ್ರುವ, ನಿತ್ಯದ ಮಾತಿನಲ್ಲಿ ಭರವಸೆಯ ಮನೋಭಾವ.

ಪ್ರಯೋಗಶಾಲೆಯ ವರದಿಯಲ್ಲಾದರೋ, ಅರಸಿದ ಅಂಶವು ಕಂಡುಬಂದಿತೆಂದಷ್ಟೇ ಅದರ ಅರ್ಥ. ಗರ್ಭಪರೀಕ್ಷೆಯಲ್ಲಿ ಅದು ಸಂತಸದ ಸುದ್ದಿಯಾಗಬಹುದು. ಕಫದ ಪರೀಕ್ಷೆಯಲ್ಲಿ ಕ್ಷಯದ ಸೂಚನೆಯಾಗಿ, ಕೂಡಲೇ ಚಿಕಿತ್ಸೆಯನ್ನು ಬೇಡುತ್ತದೆ. ರಕ್ತದ ಗುಂಪಿನಲ್ಲಿ ಅದು ರೋಗವೂ ಅಲ್ಲ, ಹಿರಿಮೆಯೂ ಅಲ್ಲ. ಕೆಂಪು ರಕ್ತಕಣಗಳ ಮೇಲೆ ‘ಡಿ’ ಎಂಬ ಅಂಶವಿದೆಯೆಂಬುದನ್ನು ಮಾತ್ರ ತಿಳಿಸುತ್ತದೆ. ಆದರೆ ತಾಯಿ ನೆಗೆಟಿವ್ ಗುಂಪಿನವಳಾಗಿ ಶಿಶು ಪಾಸಿಟಿವ್ ಆಗಿದ್ದಲ್ಲಿ, ಮುಂದಿನ ಗರ್ಭಕ್ಕೆ ಅಪಾಯವೊದಗದಂತೆ ಹೆರಿಗೆಯಾದ 72 ಗಂಟೆಗಳೊಳಗೆ ‘ಆಂಟಿ-ಡಿ’ ಚುಚ್ಚುಮದ್ದನ್ನು ಕೊಡುವರು.

ಆದುದರಿಂದ ಈ ಒಂದು ಪದವನ್ನು ಕಂಡು ಹಿಗ್ಗುವ ಅಥವಾ ಕುಗ್ಗುವ ಮುನ್ನ, ಯಾವುದನ್ನು ಪರೀಕ್ಷಿಸಲಾಗಿದೆಯೆಂದು ವೈದ್ಯರನ್ನು ಕೇಳಿ ತಿಳಿಯುವುದು ಲೇಸು.