ಸಾಗರ ದಾಟಿದ ಪುಟ್ಟ ವಿಮಾನ

ಹಾರುವ ವಸ್ತುವಿಗೆ ಭಾರವೇ ಮೊದಲ ಶತ್ರು. ಹವ್ಯಾಸಕ್ಕಾಗಿ ಮಾದರಿ ವಿಮಾನಗಳನ್ನು ನಿರ್ಮಿಸುವವರು ಈ ಸತ್ಯವನ್ನು ಚೆನ್ನಾಗಿ ಬಲ್ಲರು. ಆದುದರಿಂದಲೇ ಅವರು ಬಾಲ್ಸಾ ಎಂಬ ಹಗುರವಾದ ಮರದಿಂದ ಚೌಕಟ್ಟನ್ನು ಕಟ್ಟಿ, ಅದಕ್ಕೆ ತೆಳುವಾದ ಹಾಳೆಯನ್ನು ಹೊದಿಸುತ್ತಾರೆ. ನೆಲದಿಂದ ಬರುವ ರೇಡಿಯೋ ಸಂಕೇತಗಳಿಗೆ ತಕ್ಕಂತೆ ವಿಮಾನದೊಳಗಿನ ಪುಟ್ಟ ಮೋಟಾರುಗಳು ಅದರ ಚುಕ್ಕಾಣಿಯನ್ನು ತಿರುಗಿಸುತ್ತವೆ.

ಇಂತಹ ವಿಮಾನವು ಅಟ್ಲಾಂಟಿಕ್ ಸಾಗರವನ್ನು ದಾಟಬಲ್ಲುದೇ? ಅಮೆರಿಕದ ಮೇನಾರ್ಡ್ ಹಿಲ್ ಇದನ್ನು ಸಾಧಿಸಲು ಹೊರಟರು. ಅವರ ದೃಷ್ಟಿ ಬಹುಮಟ್ಟಿಗೆ ನಶಿಸಿತ್ತು, ಕಿವಿಯೂ ಮಂದವಾಗಿತ್ತು. ವಿಶ್ವದಾಖಲೆಯ ನಿಯಮದಂತೆ ಇಂಧನವೂ ಸೇರಿ ವಿಮಾನದ ತೂಕ 5 ಕಿಲೋಗ್ರಾಂ ಮೀರುವಂತಿರಲಿಲ್ಲ. ಒಡಲಿನಲ್ಲಿ ಉಳಿಸಿದ ಒಂದೊಂದು ಗ್ರಾಂ ತೂಕವೂ ಅಷ್ಟೇ ಇಂಧನಕ್ಕೆ ಎಡೆಯಾಗುತ್ತಿತ್ತು. ಕೊನೆಗೆ ಒಟ್ಟು ತೂಕದಲ್ಲಿ ಸುಮಾರು ಅರ್ಧದಷ್ಟು ಇಂಧನವೇ ಆಯಿತು.

ಮೊದಲು ಹಾರಿಬಿಟ್ಟ ವಿಮಾನಗಳು ಗುರಿ ಮುಟ್ಟಲಿಲ್ಲ. ಆದರೂ ಹಿಲ್ ಮತ್ತು ಅವರ ಸಂಗಡಿಗರು ಎದೆಗುಂದಲಿಲ್ಲ. 2003ರ ಆಗಸ್ಟ್ 9ರಂದು, ತಮ್ಮ 77ನೆಯ ವಯಸ್ಸಿನಲ್ಲಿ, ಹಿಲ್ ಕೆನಡಾದ ನ್ಯೂಫೌಂಡ್‌ಲೆಂಡ್ ದ್ವೀಪದ ಕೇಪ್ ಸ್ಪಿಯರ್‌ನಿಂದ ವಿಮಾನವನ್ನು ಹಾರಿಬಿಟ್ಟರು. ಕಣ್ಮರೆಯಾದ ವಿಮಾನವನ್ನು ಕೈಯಿಂದ ನಡೆಸಲಾಗದು. ಆದ್ದರಿಂದ ನಡುದಾರಿಯಲ್ಲಿ ಉಪಗ್ರಹಗಳ ಸಂಕೇತವನ್ನು ಅನುಸರಿಸುವ ಸ್ವಯಂಚಾಲಕವು ಅದಕ್ಕೆ ದಾರಿ ತೋರಿತು. 38 ಗಂಟೆ 52 ನಿಮಿಷಗಳ ಬಳಿಕ, ಸುಮಾರು 3,000 ಕಿಲೋಮೀಟರ್ ಕ್ರಮಿಸಿ, ಅದು ಐರ್ಲೆಂಡಿನ ಪಶ್ಚಿಮ ತೀರದಲ್ಲಿ ಕ್ಲಿಫ್ಡನ್ ಬಳಿ ಇಳಿಯಿತು. 1919ರಲ್ಲಿ ಆಲ್ಕಾಕ್ ಮತ್ತು ಬ್ರೌನ್ ಎಂಬ ವೈಮಾನಿಕರು ಎಲ್ಲಿಯೂ ನಿಲ್ಲದೆ ಮೊಟ್ಟಮೊದಲು ಈ ಸಾಗರವನ್ನು ದಾಟಿ ಇಳಿದುದೂ ಆ ಊರಿನ ಸಮೀಪದಲ್ಲಿಯೇ.